ಮೋಟಾರು ಎತ್ತಿಸುವ ಮುಂಚೆ: ಹಳ್ಳಿ ಮನೆಯಲ್ಲಿ ನೀರು ನಿಂತಾಗ ದೋಷ ಹುಡುಕುವ ಬಗೆ

ನಲ್ಲಿ ತಿರುಗಿಸಿದರೆ ನೀರಿಲ್ಲ. ಪಂಚಾಯಿತಿ ಲೈನು ಮನೆವರೆಗೆ ಬಂದಿಲ್ಲ, ಹಾಗಾಗಿ ದೂರು ಕೊಡೋಕೂ ಯಾರಿಲ್ಲ. ಬಾವಿ ನಮ್ಮದು, ಮೋಟಾರು ನಮ್ಮದು, ಪೈಪು ನಮ್ಮದು, ರಿಪೇರಿಯೂ ನಮ್ಮ ತಲೆಗೇ. ಇಂಥ ಹೊತ್ತಲ್ಲಿ ಎಲ್ಲರೂ ಮೊದಲು ಮಾಡುವುದು ಮೆಕ್ಯಾನಿಕ್‌ಗೆ ಫೋನು. ಅವನು ಅಲ್ಲಿಂದಲೇ ಹೇಳುವ ಮಾತೂ ಗೊತ್ತಿರುವುದೇ: "ಎತ್ತಿ ನೋಡ್ಬೇಕು ಸಾರ್."

ಬೋರಿನ ಮೋಟಾರು ಎತ್ತುವುದು ಸಣ್ಣ ಕೆಲಸವಲ್ಲ. ಆಳು, ಹಗ್ಗ, ಚೈನ್‌ಬ್ಲಾಕು ಬೇಕು, ಕಬ್ಬಿಣದ ಪೈಪಾದರೆ ಕ್ರೇನೇ ಬೇಕು. ಅರ್ಧ ದಿನ ಹೋಯಿತು, ದುಡ್ಡೂ ಹೋಯಿತು. ಎತ್ತಿ ನೋಡಿದರೆ ಮೋಟಾರು ಗುಂಡುಕಲ್ಲಿನಂತೆ ಗಟ್ಟಿಯಾಗಿರುತ್ತದೆ, ದೋಷ ಇದ್ದದ್ದು ಗೋಡೆ ಮೇಲಿನ ಪ್ಯಾನೆಲ್ ಬೋರ್ಡಿನಲ್ಲಿ. ನಾನು ನೋಡಿದ ಮಟ್ಟಿಗೆ ಜಾಸ್ತಿ ಸಲ ಕೆಡುವುದು ನೆಲದ ಮೇಲಿನ ಸಾಮಾನೇ. ಹಾಗಾಗಿ ಇಲ್ಲಿ ನಲ್ಲಿಯಿಂದ ಶುರು ಮಾಡಿ ಹಿಂದಕ್ಕೆ ಹೋಗೋಣ. ಖರ್ಚಿಲ್ಲದ ಪರೀಕ್ಷೆಗಳು ಮೊದಲು, ಎತ್ತುವುದು ಎಲ್ಲಕ್ಕಿಂತ ಕೊನೆಗೆ.

ಚೆನ್ನಾಗಿರುವ ದಿನದ ಲೆಕ್ಕ

ಜ್ವರ ಬಂದಿದೆ ಅಂತ ಗೊತ್ತಾಗಬೇಕಾದರೆ ಜ್ವರ ಇಲ್ಲದಾಗ ಮೈ ಹೇಗಿತ್ತು ಅಂತ ಗೊತ್ತಿರಬೇಕು, ಅಲ್ವಾ? ನೀರು ಸರಿಯಾಗಿ ಬರುತ್ತಿರುವ ದಿನವೇ ನಾಲ್ಕು ಅಂಕಿ ಬರೆದಿಡಿ. ಮೋಟಾರು ಓಡುತ್ತಿರುವಾಗ ವೋಲ್ಟೇಜು ಎಷ್ಟು. ಆಂಪಿಯರ್ ಮೀಟರಿನ ಮುಳ್ಳು ಎಲ್ಲಿ ನಿಂತಿದೆ. ಸ್ವಿಚ್ ಹಾಕಿ ಎಷ್ಟು ಹೊತ್ತಿಗೆ ಟ್ಯಾಂಕಿನ ಬಾಯಲ್ಲಿ ನೀರು ಕಾಣುತ್ತದೆ. 20 ಲೀಟರ್ ಬಕೆಟ್ ಎಷ್ಟು ಸೆಕೆಂಡಿಗೆ ತುಂಬುತ್ತದೆ. 40 ಸೆಕೆಂಡಿಗೆ ತುಂಬಿದರೆ ನಿಮಿಷಕ್ಕೆ 30 ಲೀಟರ್. ಅಂದರೆ 1000 ಲೀಟರಿನ ಟ್ಯಾಂಕು ಅರ್ಧ ಗಂಟೆ ಮೇಲೆ ಮೂರು ನಿಮಿಷಕ್ಕೆ ತುಂಬಬೇಕು.

ಇದನ್ನು ಡೈರಿಯಲ್ಲಿ ಬರೆಯಬೇಡಿ, ಬೇಕಾದಾಗ ಡೈರಿ ಸಿಗುವುದಿಲ್ಲ. ಪ್ಯಾನೆಲ್ ಬೋರ್ಡಿನ ಬಾಗಿಲ ಒಳಮೈಗೆ ಮಾರ್ಕರ್ ಪೆನ್ನಿನಲ್ಲಿ ಬರೆದು ತಾರೀಖು ಹಾಕಿ. ಅದರ ಕೆಳಗೆ ಬೋರಿನ ಆಳ ಎಷ್ಟು ಅಡಿ, ಮೋಟಾರು ಎಷ್ಟು ಅಡಿಗೆ ಇಳಿದಿದೆ, ಎಷ್ಟು ಎಚ್‌ಪಿ ಅನ್ನುವುದನ್ನೂ ಬರೆಯಿರಿ. ಮನೆಯ ಹಿರಿಯರಿಗೆ ಬಾಯಿಪಾಠ ಇರುವ ಈ ವಿಷಯ ಅವರ ನಂತರ ಯಾರಿಗೂ ಗೊತ್ತಿರುವುದಿಲ್ಲ.

ನಲ್ಲಿಯಿಂದ ಟ್ಯಾಂಕಿಗೆ

ಮೊದಲು ನೋಡಬೇಕಾದದ್ದು, ಒಂದು ನಲ್ಲಿಯಲ್ಲಿ ಮಾತ್ರ ನೀರಿಲ್ಲವೋ, ಎಲ್ಲದರಲ್ಲೂ ಇಲ್ಲವೋ. ಒಂದರಲ್ಲಿ ಮಾತ್ರ ಇಲ್ಲ ಅಂದರೆ ಬಾವಿ ಕಡೆ ತಲೆ ಹಾಕಬೇಡಿ. ಆ ನಲ್ಲಿಯ ಬಾಯಲ್ಲಿರುವ ಜಾಲರಿ ಬಿಚ್ಚಿ ತೊಳೆಯಿರಿ. ಬೋರಿನ ನೀರು ಗಡಸಾಗಿದ್ದರೆ ಅದರಲ್ಲಿ ಸುಣ್ಣದ ಹಕ್ಕಳೆ ಕೂತಿರುತ್ತದೆ. ರಾತ್ರಿ ವಿನೆಗರಿನಲ್ಲಿ ನೆನೆಹಾಕಿದರೆ ಬೆಳಿಗ್ಗೆ ಬಿಡುತ್ತದೆ.

ಟ್ಯಾಂಕಿನಲ್ಲಿ ನೀರಿದೆ, ಅಡುಗೆಮನೆಗೆ ಬರುತ್ತದೆ, ಬಚ್ಚಲಿಗೆ ಬರುವುದಿಲ್ಲ. ಟ್ಯಾಂಕು ಪೂರ್ತಿ ಖಾಲಿಯಾಗಿ ಮತ್ತೆ ತುಂಬಿಸಿದ ಮೇಲೆ ಹೀಗಾಗಿದ್ದರೆ ಅದು ಗಾಳಿ ಹಿಡಿದದ್ದು. ಪೈಪು ಮೇಲೆದ್ದು ಕೆಳಗಿಳಿಯುವ ಕಡೆ ಗಾಳಿ ಸಿಕ್ಕಿಕೊಂಡಿದೆ. ಎಲ್ಲಕ್ಕಿಂತ ತಗ್ಗಿನಲ್ಲಿರುವ ನಲ್ಲಿಯನ್ನು ಪೂರ್ತಿ ತೆರೆದು ಬಿಡಿ, ಹರಿವಿನ ಜೋರಿಗೆ ಗಾಳಿ ಹೊರಗೆ ಹೋಗುವುದುಂಟು. ಹೋಗದಿದ್ದರೆ ಬಚ್ಚಲ ನಲ್ಲಿಗೆ ಹೋಸ್ ಪೈಪು ಸಿಕ್ಕಿಸಿ, ಮೋಟಾರಿನ ನೇರ ನೀರನ್ನು ಹಿಂದುಮುಂದಾಗಿ ಬಿಡಿ. ಟ್ಯಾಂಕಿನೊಳಗೆ ಗುಳುಗುಳು ಸದ್ದು ಬಂದರೆ ಗಾಳಿ ಹೋಯಿತು ಅಂತ. ಇದು ಪದೇ ಪದೇ ಆಗುತ್ತಿದ್ದರೆ ಟ್ಯಾಂಕಿನಿಂದ ಹೊರಡುವ ಪೈಪಿಗೆ ಒಂದು ಟೀ ಹಾಕಿ. ಅದರಿಂದ ಅರ್ಧ ಇಂಚಿನ ಪೈಪನ್ನು ಟ್ಯಾಂಕಿಗಿಂತ ಎತ್ತರಕ್ಕೆ ನೆಟ್ಟಗೆ ನಿಲ್ಲಿಸಿ, ಬಾಯಿ ತೆರೆದು ಬಿಡಿ. ಕಸ ಬೀಳದಂತೆ ತುದಿಗೆ ಎಲ್ಬೋ ಹಾಕಿದರೆ ಸಾಕು.

ಎಲ್ಲ ನಲ್ಲಿಯಲ್ಲೂ ಸಣ್ಣಗೆ ಬರುತ್ತಿದ್ದರೆ ಟ್ಯಾಂಕಿನ ತಳಕ್ಕೆ ಕೈ ಹಾಕಿ. ಮುಚ್ಚಳ ಸರಿಯಿಲ್ಲದ ಸಿಂಟೆಕ್ಸಿನಲ್ಲಿ ಎಲೆ, ಹಲ್ಲಿ, ಕಪ್ಪೆ ಏನು ಬೇಕಾದರೂ ಸಿಗುತ್ತದೆ. ಮಂಗಗಳಿರುವ ಊರಿನಲ್ಲಿ ಮುಚ್ಚಳಕ್ಕೆ ತಂತಿ ಬಿಗಿಯಲೇಬೇಕು.

ರಾತ್ರಿ ತುಂಬಿಸಿದ ಟ್ಯಾಂಕು ಬೆಳಿಗ್ಗೆ ಖಾಲಿ

ಇದೊಂದು ವಿಚಿತ್ರ ಕಾಯಿಲೆ. ಎಲ್ಲೂ ಸೋರಿಲ್ಲ, ಅಂಗಳ ಒಣಗಿದೆ, ಯಾರೂ ನಲ್ಲಿ ಬಿಟ್ಟಿಲ್ಲ. ಆದರೂ ನೀರು ಮಾಯ. ಕೆಲಸದವರ ಮೇಲೋ ಮಕ್ಕಳ ಮೇಲೋ ಅನುಮಾನ ಬರುವುದು ಇಲ್ಲೇ.

ಏಣಿ ಹತ್ತಿ ನೋಡಿ. ಬಾವಿಯಿಂದ ಬಂದ ಪೈಪಿನ ತುದಿ ಟ್ಯಾಂಕಿನ ನೀರಿನಲ್ಲಿ ಮುಳುಗಿದೆಯಾ? ನೀರು ಚಿಮ್ಮಿ ಸದ್ದಾಗದಿರಲಿ ಅಂತ ಪ್ಲಂಬರ್ ಅದನ್ನು ತಳದವರೆಗೆ ಇಳಿಸಿರುತ್ತಾನೆ. ಕೆಳಗೆ ನಾನ್‌ರಿಟರ್ನ್ ವಾಲ್ವು (ಮೇಲೇರಿದ ನೀರು ವಾಪಸ್ ಇಳಿಯದಂತೆ ತಡೆಯುವ ವಾಲ್ವು) ಸವೆದಿದ್ದರೆ, ಮೋಟಾರು ನಿಂತ ಕೂಡಲೇ ಪೈಪಿನ ನೀರು ಬಾವಿಗೆ ವಾಪಸ್ ಇಳಿಯುತ್ತದೆ. ಇಳಿಯುತ್ತಾ ಟ್ಯಾಂಕಿನ ನೀರನ್ನೂ ಎಳೆದುಕೊಂಡು ಹೋಗುತ್ತದೆ. ಬೆಳಗಾಗುವಷ್ಟರಲ್ಲಿ ಕರೆಂಟು ಸುಟ್ಟು ಮೇಲೆತ್ತಿದ ನೀರು ಪೂರ್ತಿ ಬಾವಿ ಸೇರಿರುತ್ತದೆ.

ಸರಿಯಾದ ರಿಪೇರಿ ವಾಲ್ವು ಬದಲಾಯಿಸುವುದು. ಆದರೆ ಅದಕ್ಕೂ ಮೊದಲು ಪೈಪಿನ ತುದಿಯನ್ನು ನೀರಿನ ಮಟ್ಟಕ್ಕಿಂತ ಮೇಲೆ ಕತ್ತರಿಸಿ. ಅಥವಾ ಟ್ಯಾಂಕಿನೊಳಗೇ, ಮೇಲಿನ ಬಾಗಿನ ಹತ್ತಿರ, ಪೈಪಿಗೆ ಸಣ್ಣ ತೂತು ಕೊರೆಯಿರಿ. ಆ ತೂತಿನಿಂದ ಗಾಳಿ ಒಳಗೆ ಹೋಗಿ ಎಳೆತ ಕಡಿಯುತ್ತದೆ. ಪೈಪಿನಲ್ಲಿದ್ದ ನೀರು ಇಳಿಯಬಹುದು, ಟ್ಯಾಂಕಿನದ್ದು ಇಳಿಯುವುದಿಲ್ಲ.

ಪೈಪಿನಲ್ಲಿ ಏನಾದರೂ?

ಮೋಟಾರು ಓಡುತ್ತಿದೆ, ಮೀಟರಿನ ಮುಳ್ಳು ಎಂದಿನ ಜಾಗದಲ್ಲೇ ಇದೆ ಅಥವಾ ಸ್ವಲ್ಪ ಜಾಸ್ತಿ ಇದೆ, ಟ್ಯಾಂಕಿಗೆ ಮಾತ್ರ ನೀರಿಲ್ಲ. ಹಾಗಾದರೆ ನೀರು ದಾರಿಯಲ್ಲೆಲ್ಲೋ ಹೋಗುತ್ತಿದೆ. ಪೈಪು ಹೂತ ದಾರಿಯಲ್ಲಿ ನಡೆಯಿರಿ. ಬೇಸಿಗೆಯಲ್ಲಿ ಸುತ್ತ ಒಣಗಿ ಒಂದು ಕಡೆ ಮಾತ್ರ ಗರಿಕೆ ಹಸಿರಾಗಿದ್ದರೆ ಅಗೆಯಿರಿ. ಟ್ರ್ಯಾಕ್ಟರ್ ದಾಟುವ ಜಾಗ, ತೆಂಗಿನ ಬೇರು ಹಾಯ್ದ ಜಾಗ, ಬಿಸಿಲಿಗೆ ಬಿದ್ದಿರುವ ಪಿವಿಸಿ ಪೈಪಿನ ಎಲ್ಬೋ, ಈ ಮೂರನ್ನು ಮೊದಲು ನೋಡಿ. ನೆಲದ ಮೇಲೆ ಏನೂ ಕಾಣದಿದ್ದರೆ ಬೋರಿನ ಕೇಸಿಂಗ್ ಪೈಪಿಗೆ (ಬೋರಿನ ಬಾಯಲ್ಲಿ ಕಾಣುವ ಅಗಲದ ಹೊರಪೈಪು) ಕಿವಿ ಕೊಡಿ. ಒಳಗೆ ಸೊರ್ ಅಂತ ನೀರು ಬೀಳುವ ಸದ್ದು ಕೇಳಿದರೆ ಇಳಿಸಿದ ಪೈಪೇ ತೂತಾಗಿದೆ ಅಥವಾ ಜಾಯಿಂಟು ಸಡಿಲಾಗಿದೆ. ಇಂಥದ್ದಕ್ಕೆ ಎತ್ತಲೇಬೇಕು, ಬೇರೆ ದಾರಿಯಿಲ್ಲ.

ಪ್ಯಾನೆಲ್ ಬೋರ್ಡು

ಜಾಸ್ತಿ ಹೊತ್ತು ಇಲ್ಲೇ ಕಳೆಯಬೇಕು. ಮೊದಲು ಎಚ್ಚರಿಕೆ. ಬಾಗಿಲು ತೆಗೆಯುವ ಮುಂಚೆ ಮೇನ್ ಆಫ್ ಮಾಡಿ ಕಟೌಟಿನ ಫ್ಯೂಸು ಕಿತ್ತು ಜೇಬಿಗೆ ಹಾಕಿಕೊಳ್ಳಿ. ಬೇರೆ ಯಾರೋ ಬಂದು ಸುಮ್ನೆ ಸ್ವಿಚ್ ಹಾಕುವ ಮನೆಗಳೇ ಜಾಸ್ತಿ. ಟೆಸ್ಟರ್ ಹಿಡಿದು ಖಾತ್ರಿ ಮಾಡಿಕೊಳ್ಳಿ. ಕರೆಂಟು ತೆಗೆದ ಮೇಲೂ ಕಂಡೆನ್ಸರಿನಲ್ಲಿ (ಮೋಟಾರು ಹೊರಡಲು, ಓಡಲು ನೆರವಾಗುವ ಡಬ್ಬಿ) ಕರೆಂಟು ನಿಂತಿರುತ್ತದೆ, ಮುಟ್ಟಿದರೆ ಜೋರಾಗಿ ಹೊಡೆಯುತ್ತದೆ. ಹಳೆಯ ದಾರದ ಬಲ್ಬನ್ನು ಹೋಲ್ಡರಿಗೆ ಹಾಕಿ, ಅದರ ಎರಡು ವೈರನ್ನು ಕಂಡೆನ್ಸರಿನ ಎರಡು ತುದಿಗೆ ತಾಗಿಸಿ ಖಾಲಿ ಮಾಡಿ. ಒದ್ದೆ ಕೈ, ಬರಿಗಾಲು ಬೇಡ. ವೈರಿಂಗ್ ಕೆಲಸ ಗೊತ್ತಿಲ್ಲದವರು ಮುಂದಿನ ಪರೀಕ್ಷೆಗಳನ್ನು ಎಲೆಕ್ಟ್ರಿಷಿಯನ್ ಕೈಲಿ ಮಾಡಿಸಿ, ಪಕ್ಕದಲ್ಲಿ ನಿಂತು ನೋಡಿ.

ಬಾಗಿಲು ತೆರೆದ ಕೂಡಲೇ ಕಾಣುವುದು ಇರುವೆ. ಮಳೆಗಾಲ ಶುರುವಾಗುವ ಹೊತ್ತಿಗೆ ಮೊಟ್ಟೆ ಹೊತ್ತುಕೊಂಡು ಬೆಚ್ಚಗಿನ ಸ್ಟಾರ್ಟರಿಗೆ ಬರುತ್ತವೆ. ಬಟನ್ ಒತ್ತಿದಾಗ ಕಾಂಟ್ಯಾಕ್ಟು ಕೂಡುವ ಜಾಗದಲ್ಲಿ ಜಜ್ಜಿ ಅಂಟಿಕೊಳ್ಳುತ್ತವೆ. ಅಲ್ಲಿ ಎಳ್ಳಿನಷ್ಟು ಕಪ್ಪು ಕೂತರೂ ಸಾಕು, ಸ್ಟಾರ್ಟರ್ ಟರ್ ಅನ್ನುತ್ತದೆ, ಮೋಟಾರು ಹಿಡಿಯುವುದಿಲ್ಲ. ಕೆಲವೊಮ್ಮೆ ಹಲ್ಲಿಯೇ ಅಡ್ಡ ಬಿದ್ದು ಸತ್ತಿರುತ್ತದೆ. ಒಣ ಬ್ರಶ್ಶಿನಿಂದ ಗುಡಿಸಿ. ಸೀಮೆಎಣ್ಣೆ, ಪೆಟ್ರೋಲು ಬಳಸಬೇಡಿ, ಕಿಡಿ ಹಾರಿದರೆ ಬೋರ್ಡೇ ಹೊತ್ತಿಕೊಳ್ಳುತ್ತದೆ. ಬೋರ್ಡಿನ ಮೂಲೆಯಲ್ಲಿ ನಾಲ್ಕು ನುಸಿಗುಳಿಗೆ ಇಟ್ಟು, ವೈರು ಒಳಗೆ ಬರುವ ತೂತನ್ನು ಎಂ-ಸೀಲಿನಿಂದ ಮುಚ್ಚಿ.

ಇನ್ನು ವೋಲ್ಟೇಜು. ಮೋಟಾರು ಆಫ್ ಇರುವಾಗ ನೋಡಿ, ಸ್ಟಾರ್ಟ್ ಮಾಡಿದಾಗಲೂ ನೋಡಿ. ಆಫ್ ಇದ್ದಾಗಲೇ 170 ಇದ್ದರೆ ದೋಷ ಲೈನಿನದ್ದು, ಟಿಸಿ (ಊರಿನ ಟ್ರಾನ್ಸ್‌ಫಾರ್ಮರ್) ಮೇಲೆ ಹೊರೆ ಜಾಸ್ತಿಯಾಗಿದೆ. ಸಂಜೆ ಆರರಿಂದ ಒಂಬತ್ತರವರೆಗೆ ಪ್ರಯತ್ನವೇ ಬೇಡ, ಬೆಳಗಿನ ಜಾವ ಐದಕ್ಕೆ ಎದ್ದು ಹಾಕಿ ನೋಡಿ. ಆಫ್ ಇದ್ದಾಗ 225, ಸ್ಟಾರ್ಟ್ ಮಾಡಿದ ಮೇಲೆ 160ಕ್ಕೆ ಇಳಿದು ಅಲ್ಲೇ ನಿಂತರೆ ಕಂಬದಿಂದ ಬೋರ್ಡಿಗೆ ಬರುವ ವೈರು ಸಣ್ಣದು ಅಥವಾ ಎಲ್ಲೋ ಜಾಯಿಂಟು ಸಡಿಲ. ಓಡಿಸಿ ಸ್ವಲ್ಪ ಹೊತ್ತಾದ ಮೇಲೆ ಮೇನ್ ತೆಗೆದು ಫ್ಯೂಸಿನ ಹಲ್ಲು ನೋಡಿ. ಕಪ್ಪಾಗಿದ್ದರೆ, ಬಿಸಿಯಾಗಿದ್ದರೆ ಅದೇ ಕಳ್ಳ. ವೋಲ್ಟೇಜು ಸ್ವಲ್ಪ ಇಳಿದರೆ ಏನಂತೆ ಅನ್ನಬೇಡಿ. ಮೋಟಾರಿಗೆ ಹೊರಡುವ ಶಕ್ತಿ ವೋಲ್ಟೇಜಿನ ವರ್ಗದ ಲೆಕ್ಕದಲ್ಲಿ ಇಳಿಯುತ್ತದೆ. 230ರ ಬದಲು 160 ಸಿಕ್ಕರೆ ಉಳಿಯುವುದು ಅರ್ಧಕ್ಕಿಂತ ಕಮ್ಮಿ. ಗುಂಯ್ ಅನ್ನುತ್ತಾ ನಿಂತ ಮೋಟಾರು ಕೆಲವೇ ಹೊತ್ತಿನಲ್ಲಿ ಕಾಯಿಲು ಸುಟ್ಟುಕೊಳ್ಳುತ್ತದೆ.

ವೋಲ್ಟೇಜು ಸರಿಯಿದ್ದೂ ಗುಂಯ್ ಅಂದರೆ ಕಂಡೆನ್ಸರ್ ನೋಡಿ. ಸಿಂಗಲ್ ಫೇಸ್ ಬೋರ್ಡಿನಲ್ಲಿ ಎರಡಿರುತ್ತವೆ, ಒಂದು ಸ್ಟಾರ್ಟಿಗೆ, ಇನ್ನೊಂದು ಓಡುವಾಗಿನದ್ದು. ಹೊಟ್ಟೆ ಉಬ್ಬಿದೆಯಾ, ಎಣ್ಣೆ ಒಸರಿದೆಯಾ? ಹೊರಗೆ ಚೆನ್ನಾಗಿ ಕಂಡರೂ ಒಳಗೆ ಸೊರಗಿರಬಹುದು. ಕಂಡೆನ್ಸರ್ ಅಳೆಯುವ ಮಲ್ಟಿಮೀಟರಿನಲ್ಲಿ ನೋಡಿ. ಮೈಮೇಲೆ 36 ಅಂತ ಬರೆದಿದ್ದು ಮೀಟರು 28 ತೋರಿಸಿದರೆ ಬದಲಾಯಿಸಿ. ಅದೇ ಅಂಕಿಯದ್ದನ್ನೇ ತನ್ನಿ. ಅಂಗಡಿಯವನು "ಇದೂ ಆಗುತ್ತೆ" ಅಂತ ಕೊಡುವ ಬೇರೆ ಅಂಕಿಯದ್ದು ಬೇಡ. ನೂರಿನ್ನೂರು ರೂಪಾಯಿಯ ಈ ಡಬ್ಬಿಗಾಗಿ ಮೋಟಾರು ಎತ್ತಿಸಿದ ಮನೆಗಳು ಊರಿಗೊಂದಾದರೂ ಇವೆ.

ಈಗ ಆಂಪಿಯರ್ ಮೀಟರು. ಬಾವಿಯೊಳಗೆ ಏನಾಗುತ್ತಿದೆ ಅಂತ ಹೇಳುವುದು ಇದೊಂದೇ. ಬರೆದಿಟ್ಟ ಅಂಕಿ ಎದುರಿಗೆ ಇಟ್ಟುಕೊಂಡು ನೋಡಿ.

ಮುಳ್ಳು ಅಲ್ಲಾಡುವುದೇ ಇಲ್ಲ, ಸದ್ದೂ ಇಲ್ಲ: ಕರೆಂಟು ಮೋಟಾರಿಗೆ ಹೋಗುತ್ತಿಲ್ಲ. ಫ್ಯೂಸು, ಓವರ್‌ಲೋಡ್ ರಿಲೇ, ಇಲಿ ಕಡಿದ ಕೇಬಲು.

ಮುಳ್ಳು ಸರ್ರನೆ ತುದಿಗೆ ಹೋಗಿ ಅಲ್ಲೇ ನಿಲ್ಲುತ್ತದೆ: ಮೋಟಾರು ತಿರುಗುತ್ತಿಲ್ಲ. ಕಂಡೆನ್ಸರ್, ವೋಲ್ಟೇಜು ನೋಡಿ ಆಗಿದ್ದರೆ ಮರಳು ಸಿಕ್ಕಿ ಬಿಗಿದಿದೆ ಅಥವಾ ಕಾಯಿಲು ಹೋಗಿದೆ. ತಕ್ಷಣ ಆಫ್ ಮಾಡಿ.

ಎಂದಿಗಿಂತ ತುಂಬ ಕಮ್ಮಿ: ಮೋಟಾರಿಗೆ ಕೆಲಸವೇ ಇಲ್ಲ. ನೀರು ಕೆಳಗಿಳಿದು ಒಣಗಿ ಓಡುತ್ತಿದೆ, ಅಥವಾ ಮೋಟಾರು ಮತ್ತು ಪಂಪಿನ ನಡುವಿನ ಕಪ್ಲಿಂಗು ಮುರಿದಿದೆ, ಅಥವಾ ಯಾರೋ ಗೇಟ್ ವಾಲ್ವು ಮುಚ್ಚಿದ್ದಾರೆ. ಕೊನೆಯದನ್ನು ಮೊದಲು ನೋಡಿ. ನಗಬೇಡಿ, ತೋಟಕ್ಕೂ ಮನೆಗೂ ಒಂದೇ ಮೋಟಾರು ಇರುವ ಕಡೆ ಇದು ದಿನದ ಕಥೆ.

ಮೊದಲು ಸರಿಯಾಗಿದ್ದು, ಐದಾರು ನಿಮಿಷಕ್ಕೆ ಮುಳ್ಳು ಇಳಿದು ಮೇಲೆ ಕೆಳಗೆ ಆಡುತ್ತದೆ, ಟ್ಯಾಂಕಿನ ಬಾಯಲ್ಲಿ ನೀರು ಪಸ್ ಪಸ್ ಅನ್ನುತ್ತದೆ: ಬೋರಿನಲ್ಲಿ ನೀರು ಕಮ್ಮಿಯಾಗಿದೆ. ಮೋಟಾರಿನದ್ದು ತಪ್ಪಿಲ್ಲ.

ಕಾಯಿಲು ಸುಟ್ಟಿದೆಯೋ ಇಲ್ಲವೋ ಎತ್ತದೆಯೇ ತಿಳಿಯಬಹುದು. ಬೋರ್ಡಿನಿಂದ ಮೋಟಾರಿನ ಮೂರು ವೈರನ್ನೂ ಬಿಚ್ಚಿ. ಮಲ್ಟಿಮೀಟರನ್ನು ಓಮ್ಸ್‌ಗೆ ಇಟ್ಟು ಎರಡೆರಡು ವೈರಿನ ನಡುವೆ ಅಳೆಯಿರಿ. ಸಿಂಗಲ್ ಫೇಸ್ ಮೋಟಾರಾದರೆ ಮೂರು ಅಂಕಿಗಳಲ್ಲಿ ದೊಡ್ಡದು ಉಳಿದೆರಡರ ಮೊತ್ತಕ್ಕೆ ಸರಿಹೊಂದಬೇಕು. ಉದಾಹರಣೆಗೆ 3, 5, 8. ತ್ರೀ ಫೇಸ್ ಆದರೆ ಮೂರೂ ಹೆಚ್ಚುಕಮ್ಮಿ ಒಂದೇ ಇರಬೇಕು. ಯಾವುದಾದರೂ ಜೋಡಿಯಲ್ಲಿ ಮೀಟರು ಏನೂ ತೋರಿಸದಿದ್ದರೆ ಕೇಬಲೋ ಕಾಯಿಲೋ ತುಂಡಾಗಿದೆ. ಆಮೇಲೆ ಒಂದೊಂದೇ ವೈರಿಗೂ ಅರ್ತಿಗೂ ನಡುವೆ ನೋಡಿ. ಇಲ್ಲಿ ಸಂಪರ್ಕ ಕಾಣಬಾರದು. ಕಂಡರೆ ಕಾಯಿಲು ಅಥವಾ ನೀರೊಳಗಿನ ಕೇಬಲ್ ಜಾಯಿಂಟು ಬಾಡಿಗೆ ತಾಗಿದೆ. ಇದಕ್ಕೆ ಮೆಗ್ಗರ್ (ಕರೆಂಟು ಸೋರಿಕೆ ಅಳೆಯುವ ಮೀಟರು) ಇನ್ನೂ ಒಳ್ಳೆಯದು. ಪಂಪಿನ ಪೈಪು ಮುಟ್ಟಿದರೆ ಜುಮ್ ಅನ್ನುವ ಮನೆಗಳಲ್ಲಿ ಈ ಪರೀಕ್ಷೆ ಮಾಡುವವರೆಗೆ ಮೋಟಾರು ಹಾಕಲೇಬೇಡಿ.

ತ್ರೀ ಫೇಸ್ ಇರುವವರಿಗೆ ಎರಡು ಮಾತು. ಟಿಸಿ ಬದಲಾಯಿಸಿದ, ಲೈನು ಕೆಲಸ ನಡೆದ ಮಾರನೇ ದಿನ ನೀರು ಅರ್ಧಕ್ಕಿಳಿದರೆ ಮೋಟಾರು ಉಲ್ಟಾ ತಿರುಗುತ್ತಿದೆ. ಮೇನ್ ತೆಗೆದು ಯಾವುದಾದರೂ ಎರಡು ಫೇಸು ಅದಲುಬದಲು ಮಾಡಿದರೆ ಮುಗಿಯಿತು. ಇನ್ನೊಂದು, ಪಂಪ್‌ಸೆಟ್ ಫೀಡರಿಗೆ ತ್ರೀ ಫೇಸ್ ಕೊಡುವುದು ದಿನಕ್ಕೆ 7 ಗಂಟೆಯ ಲೆಕ್ಕದಲ್ಲಿ. ಉಳಿದ ಹೊತ್ತಿನಲ್ಲಿ ಕಂಡೆನ್ಸರ್ ಸಿಕ್ಕಿಸಿ ಎರಡು ಫೇಸಿನಲ್ಲೇ ಓಡಿಸುವ ಅಭ್ಯಾಸ ನಮ್ಮಲ್ಲಿ ಜೋರಾಗಿದೆ. ಆವತ್ತಿನ ನೀರು ಸಿಗುತ್ತದೆ, ನಿಜ. ಆದರೆ ಸುಟ್ಟ ಮೋಟಾರನ್ನು ರೀವೈಂಡಿಂಗಿಗೆ ಹೊತ್ತುಕೊಂಡು ಹೋಗುವವರಲ್ಲಿ ಇಂಥವರು ಬಹಳ ಜನ. ಒಂದು ಫೇಸು ಹೋದರೆ ಮೋಟಾರು ನಿಲ್ಲಿಸುವ ಸಿಂಗಲ್ ಫೇಸ್ ಪ್ರಿವೆಂಟರ್ ಇದ್ದರೂ ಅದನ್ನು ತಪ್ಪಿಸಿ ನೇರ ಕೊಟ್ಟಿರುತ್ತಾರೆ!

ತೆರೆದ ಬಾವಿ, ಮೇಲಿಟ್ಟ ಪಂಪು

ಮಲೆನಾಡು, ಕರಾವಳಿಯ ಮನೆಗಳಲ್ಲಿ ಇನ್ನೂ ಇದೇ ಜಾಸ್ತಿ. ಕಟ್ಟೆಯ ಪಕ್ಕ ಮೋನೋಬ್ಲಾಕ್ ಪಂಪು, ಬಾವಿಗೆ ಇಳಿದ ಪೈಪು, ತುದಿಯಲ್ಲಿ ಪೈಪಿನ ನೀರು ವಾಪಸ್ ಇಳಿಯದಂತೆ ತಡೆಯುವ ಫುಟ್‌ವಾಲ್ವು. ಜನವರಿವರೆಗೆ ಚೆನ್ನಾಗಿ ಓಡಿ, ಮಾರ್ಚಿಗೆ "ಪಂಪು ಹಳೇದಾಯ್ತು, ಎಳೀತಿಲ್ಲ" ಅನ್ನುವ ದೂರು ಬರುತ್ತದೆ.

ಪಂಪು ಹಳೆಯದಾಗಿಲ್ಲ, ನೀರು ಕೆಳಗೆ ಹೋಗಿದೆ. ಮೇಲಿಟ್ಟ ಪಂಪು ನೀರನ್ನು ತಾನೇ ಎಳೆಯುವುದಿಲ್ಲ. ಅದು ಪೈಪಿನೊಳಗೆ ಗಾಳಿಯ ಒತ್ತಡ ಕಮ್ಮಿ ಮಾಡುತ್ತದೆ, ಹೊರಗಿನ ಗಾಳಿ ನೀರನ್ನು ಒತ್ತಿ ಮೇಲೇರಿಸುತ್ತದೆ. ಕಾಗದದ ಮೇಲಿನ ಲೆಕ್ಕಕ್ಕೆ ಅದು ಸುಮಾರು 34 ಅಡಿ. ನಿಜವಾಗಿ ಸಿಗುವುದು 20-22 ಅಡಿ, ಘಟ್ಟದ ಮೇಲಿನ ಊರುಗಳಲ್ಲಿ ಅದಕ್ಕಿಂತ ಎರಡು ಮೂರು ಅಡಿ ಕಮ್ಮಿ. ಈ ಅಳತೆ ನೀರಿನ ಮಟ್ಟದಿಂದ ಪಂಪಿನ ನಡುವಿಗೆ. ಒಂದರ ಬದಲು ಎರಡು ಎಚ್‌ಪಿ ತಂದರೂ ಈ ಅಳತೆ ಬೆಳೆಯುವುದಿಲ್ಲ. ಹೀಗಿದ್ದೂ ಬೇಸಿಗೆಯಲ್ಲಿ ದೊಡ್ಡ ಪಂಪು ಮಾರುವ ಅಂಗಡಿಗಳಿವೆ, ಕೊಳ್ಳುವವರೂ ಇದ್ದಾರೆ. ಹಗ್ಗಕ್ಕೆ ಕಲ್ಲು ಕಟ್ಟಿ ಇಳಿಸಿ ಮೊದಲು ಅಳೆಯಿರಿ. 22 ಅಡಿ ದಾಟಿದ್ದರೆ ಪಂಪನ್ನು ಬಾವಿಯೊಳಗೆ ಕಟ್ಟೆ ಮಾಡಿ ಕೆಳಗಿಳಿಸಬೇಕು, ಇಲ್ಲವೇ ತಳದಲ್ಲಿ ಮಲಗಿಸುವ ಓಪನ್‌ವೆಲ್ ಸಬ್‌ಮರ್ಸಿಬಲ್ ಹಾಕಬೇಕು.

ನೀರು ಮೇಲೇ ಇದ್ದೂ ಎಳೆಯದಿದ್ದರೆ ಪಂಪಿನ ಬಿರಡೆ ಬಿಚ್ಚಿ ನೀರು ತುಂಬಿಸಿ. ಕಂಠಮಟ್ಟ ತುಂಬಿದ ಮೇಲೆ ಹತ್ತು ನಿಮಿಷ ಕಾಯಿರಿ. ನೀರು ಇಳಿದರೆ ಫುಟ್‌ವಾಲ್ವು ಸೋರುತ್ತಿದೆ. ಎಲೆಯೋ ಕಡ್ಡಿಯೋ ಸಿಕ್ಕಿರಬಹುದು, ಒಳಗಿನ ವಾಷರ್ ಹರಿದಿರಬಹುದು. ನಮ್ಮ ಕಡೆ ಇದಕ್ಕೆ ಒಂದು ಹಳೆಯ ಉಪಾಯ ಇದೆ. ಸಗಣಿ ಕದಡಿ ಪೈಪಿಗೆ ಹೊಯ್ಯುವುದು. ಅದು ಸಂದಿಗೆ ಹೋಗಿ ಕೂತು ನೀರು ನಿಲ್ಲುತ್ತದೆ. ತೋಟಕ್ಕೆ ಒಂದು ದಿನದ ಮಟ್ಟಿಗೆ ಸರಿ, ಕುಡಿಯುವ ನೀರಿನ ಬಾವಿಗೆ ಖಂಡಿತ ಬೇಡ.

ನೀರು ಇಳಿಯದೆ ನಿಂತಿದೆ, ಆದರೂ ಓಡಿಸಿದರೆ ಎಳೆಯುತ್ತಿಲ್ಲ ಅಂದರೆ ಪಂಪಿಗೆ ಬರುವ ಪೈಪು ಎಲ್ಲೋ ಗಾಳಿ ಎಳೆಯುತ್ತಿದೆ. ನೀರು ಸೋರದಷ್ಟು ಸಣ್ಣ ಸಂದಿಯಲ್ಲೂ ಗಾಳಿ ಒಳಗೆ ಹೋಗುತ್ತದೆ. ಸಾಬೂನಿನ ನೊರೆ ಮಾಡಿ, ಪಂಪು ಓಡುತ್ತಿರುವಾಗ ಯೂನಿಯನ್ನು, ಎಲ್ಬೋ, ಗ್ಲ್ಯಾಂಡು (ಪಂಪಿನ ಶಾಫ್ಟಿನ ಸುತ್ತ ಡೋರಿ ತುಂಬಿರುವ ಜಾಗ) ಮೂರಕ್ಕೂ ಹಚ್ಚಿ. ನೊರೆ ಒಳಕ್ಕೆ ಎಳೆದುಕೊಂಡ ಕಡೆಯೇ ತೂತು. ಟೆಫ್ಲಾನ್ ಟೇಪು ಸುತ್ತಿ ಬಿಗಿಯಿರಿ, ಗ್ಲ್ಯಾಂಡಿನ ಡೋರಿ ಒಣಗಿದ್ದರೆ ಹೊಸದು ಹಾಕಿ. ಪೈಪು ಪಂಪಿನ ಕಡೆಗೆ ಏರುತ್ತಲೇ ಬರಬೇಕು, ನಡುವೆ ಡುಬ್ಬ ಇದ್ದರೆ ಅಲ್ಲೂ ಗಾಳಿ ನಿಲ್ಲುತ್ತದೆ.

ಫುಟ್‌ವಾಲ್ವು ಬಿಚ್ಚಲು ಬಾವಿಗೆ ಇಳಿಯಬೇಡಿ, ಪೈಪನ್ನೇ ಮೇಲಕ್ಕೆ ಎಳೆಯಿರಿ. ಬಹಳ ದಿನ ಮುಚ್ಚಿದ್ದ ಬಾವಿಯ ತಳದಲ್ಲಿ ಉಸಿರಾಡುವ ಗಾಳಿ ಇರುವುದಿಲ್ಲ. ದೀಪ ಇಳಿಸಿ ನೋಡುವುದು ಹಿಂದಿನಿಂದ ಬಂದದ್ದು. ದೀಪ ಆರಿದರೆ ಇಳಿಯಬಾರದು, ಅದು ಸರಿ. ಆದರೆ ದೀಪ ಉರಿದ ಮಾತ್ರಕ್ಕೆ ಕ್ಷೇಮ ಅಂತಲ್ಲ. ಡೀಸೆಲ್, ಪೆಟ್ರೋಲ್ ಪಂಪನ್ನು ಬಾವಿಯೊಳಗೆ ಇಟ್ಟು ಓಡಿಸುವುದಂತೂ ಸಾವನ್ನು ಕರೆದಂತೆ. ಅದರ ಹೊಗೆಯಲ್ಲಿ ವಾಸನೆಯೇ ಇಲ್ಲದ ವಿಷ ಇರುತ್ತದೆ.

ಕೆಲಸ ಮುಗಿದ ಮೇಲೆ ಬ್ಲೀಚಿಂಗ್ ಪುಡಿ ಹಾಕಿ. 1000 ಲೀಟರಿಗೆ ಎರಡೂವರೆ ಗ್ರಾಮು. 2 ಮೀಟರ್ ಅಗಲದ ಬಾವಿಯಲ್ಲಿ 3 ಮೀಟರ್ ನೀರಿದ್ದರೆ ಸುಮಾರು 9400 ಲೀಟರ್, ಅದಕ್ಕೆ 24 ಗ್ರಾಮು ಸಾಕು. ಬಕೆಟ್ ನೀರಿನಲ್ಲಿ ಕದಡಿ, ಗಸಿ ಕೂತ ಮೇಲೆ ತಿಳಿ ಮಾತ್ರ ಸುರಿಯಿರಿ. ಒಂದು ಗಂಟೆ ಬಿಟ್ಟು ಬಳಸಿ.

ಅಬ್ಬಿ ನೀರಿನ ಪೈಪು

ಗುಡ್ಡದ ಮೇಲಿಂದ ತಾನಾಗಿ ಹರಿದು ಬರುವ ನೀರು. ಮೋಟಾರಿಲ್ಲ, ಬಿಲ್ಲಿಲ್ಲ. ಆದರೆ ಮೈಲಿಗಟ್ಟಲೆ ಕಪ್ಪು ಪೈಪು ಕಾಡಿನೊಳಗೆ ಬಿದ್ದಿರುತ್ತದೆ. ನೀರು ನಿಂತರೆ ಮನೆಯಿಂದ ಮೇಲಕ್ಕೆ ಹೋಗುತ್ತಾ ಜಾಯಿಂಟು ಜಾಯಿಂಟಲ್ಲಿ ಬಿಚ್ಚಿ ನೋಡುವುದು ವಾಡಿಕೆ. ಅದಕ್ಕಿಂತ ಮೊದಲು ಸೀದಾ ಮೇಲಕ್ಕೇ ಹೋಗಿ. ಅಬ್ಬಿಯ ಬಾಯಲ್ಲಿ ಎಲೆ, ಏಡಿ, ಮಣ್ಣು ಕಟ್ಟಿಕೊಂಡಿರುವುದೇ ಹೆಚ್ಚು. ಅಲ್ಲಿ ಸರಿಯಿದ್ದರೆ ಉದ್ದಕ್ಕೂ ಅರ್ಧ ಮಾಡುತ್ತಾ ಹುಡುಕಿ. ನಡುವಿನ ಜಾಯಿಂಟು ಬಿಚ್ಚಿದಾಗ ನೀರು ಬಂದರೆ ದೋಷ ಕೆಳಗಿದೆ, ಬಾರದಿದ್ದರೆ ಮೇಲಿದೆ. ಮತ್ತೆ ಆ ಅರ್ಧದ ನಡುವೆ ಬಿಚ್ಚಿ. ಕೆಲವು ಸಲ ಹೀಗೆ ಮಾಡಿದರೆ ಜಾಗ ಸಿಕ್ಕಿಬಿಡುತ್ತದೆ.

ಮನೆ ಹತ್ತಿರ, ಎಲ್ಲಕ್ಕಿಂತ ತಗ್ಗಿನಲ್ಲೇ ಪೈಪು ಪದೇ ಪದೇ ಒಡೆಯುತ್ತದೆ ಅನ್ನುವುದು ಬೇರೆ ಕಥೆ. 10 ಮೀಟರ್ ಇಳಿತಕ್ಕೆ ಸುಮಾರು ಒಂದು ಕೆಜಿ ಒತ್ತಡ. ಅಬ್ಬಿ ಮನೆಗಿಂತ 60 ಮೀಟರ್ ಎತ್ತರದಲ್ಲಿದ್ದು, ನೀವು ತಂದ ಪೈಪು 4 ಕೆಜಿಯದ್ದಾದರೆ ನಲ್ಲಿ ಮುಚ್ಚಿದ ದಿನ ಒಡೆಯಲೇಬೇಕು. ಹರಿಯುತ್ತಿರುವಷ್ಟು ಹೊತ್ತು ಏನೂ ಆಗುವುದಿಲ್ಲ. ಹಿರಿಯರು ಅಬ್ಬಿ ನೀರನ್ನು ಮುಚ್ಚದೆ ತೊಟ್ಟಿ ತುಂಬಿ ತೋಟಕ್ಕೆ ಹರಿಯಬಿಡುತ್ತಿದ್ದದ್ದು ಸುಮ್ನೆ ಅಲ್ಲ. ಮುಚ್ಚಲೇಬೇಕು ಅಂದರೆ ನಡುದಾರಿಯಲ್ಲಿ ಒಂದು ಸಣ್ಣ ತೊಟ್ಟಿ ಕಟ್ಟಿ, ಅಲ್ಲಿಂದ ಹೊಸ ಪೈಪು ಹೊರಡಿಸಿ. ಒತ್ತಡ ಅಲ್ಲಿಗೆ ಮುರಿಯುತ್ತದೆ. ಆ ತೊಟ್ಟಿಗೆ ಹೆಚ್ಚಾದ ನೀರು ಹೊರಗೆ ಹೋಗುವ ದಾರಿ ಇರಲಿ.

ಬೋರು, ಕೊನೆಗೆ ಎತ್ತುವುದು

ಬೋರಿನಲ್ಲಿ ನೀರು ಎಲ್ಲಿದೆ ಅಂತ ನೋಡಲು ಬಿಸಿಲಿರುವಾಗ ಕನ್ನಡಿ ಹಿಡಿಯಿರಿ. ಕೇಸಿಂಗಿನ ಮುಚ್ಚಳ ಸರಿಸಿ, ಬೆಳಕನ್ನು ಪೈಪಿನ ಪಕ್ಕದ ಸಂದಿಯಲ್ಲಿ ನೇರ ಕೆಳಗೆ ಬಿಡಿ. ನೀರು ಮೇಲಿದ್ದರೆ ನಾಣ್ಯದಷ್ಟು ಹೊಳಪು ಕಾಣುತ್ತದೆ. ಕೋಲಾರ, ಚಿಕ್ಕಬಳ್ಳಾಪುರದ ಕಡೆಯ ಸಾವಿರ ಅಡಿ ಬೋರುಗಳಲ್ಲಿ ಇದು ನಡೆಯದು. ಅಲ್ಲಿ ಮೀಟರಿನ ಮುಳ್ಳನ್ನೇ ನಂಬಬೇಕು.

ಹತ್ತು ನಿಮಿಷ ಬಂದು ಪಸ್ ಅನ್ನುವ ಬೋರಿಗೆ ಮೋಟಾರು ಬದಲಾಯಿಸಿ ಪ್ರಯೋಜನವಿಲ್ಲ. ನಿಲ್ಲಿಸಿ, ಒಂದು ಗಂಟೆ ಬಿಟ್ಟು ಮತ್ತೆ ಹಾಕಿ. ಪ್ರತಿ ಸಲ ಎಷ್ಟು ಬಕೆಟ್ ಬಂತು ಅಂತ ಎಣಿಸಿ. ಜಲ ಜೀವನ್ ಮಿಷನ್ ಹಳ್ಳಿ ಮನೆಗೆ ಹಿಡಿದ ಲೆಕ್ಕ ತಲೆಗೆ ದಿನಕ್ಕೆ 55 ಲೀಟರ್. ಐದು ಜನರಿಗೆ 275. ಹಸು ಇದ್ದರೆ ಅದರದ್ದು ಬೇರೆ. ದಿನಕ್ಕೆ ನಾಲ್ಕೈದು ಸಲ ಓಡಿಸಿ ಅಷ್ಟು ಸಿಗುತ್ತದೆ ಅಂದರೆ ಹೊಸ ಬೋರು ಕೊರೆಸುವ ಮಾತು ಈ ವರ್ಷ ಬೇಡ. ಟೈಮರ್ ಮತ್ತು ನೀರಿಲ್ಲದಾಗ ಮೋಟಾರು ನಿಲ್ಲಿಸುವ ಡ್ರೈ ರನ್ ಪ್ರಿವೆಂಟರ್ ಹಾಕಿಸಿ. ಮೋಟಾರು ನಿಂತ ಕೂಡಲೇ ಮತ್ತೆ ಬಟನ್ ಒತ್ತಬೇಡಿ. ನಾನ್‌ರಿಟರ್ನ್ ವಾಲ್ವು ಸವೆದ ಪಂಪಿನಲ್ಲಿ ಪೈಪಿನ ನೀರು ಕೆಳಗಿಳಿಯುವಾಗ ಪಂಪು ಉಲ್ಟಾ ತಿರುಗುತ್ತಿರುತ್ತದೆ. ಆಗ ಸ್ಟಾರ್ಟ್ ಮಾಡಿದರೆ ಶಾಫ್ಟು ಮುರಿಯಬಹುದು.

ಇಷ್ಟೆಲ್ಲ ನೋಡಿ, ಕಾಯಿಲು ಹೋಗಿದೆ, ಕಪ್ಲಿಂಗು ಮುರಿದಿದೆ ಅಥವಾ ಪೈಪು ತೂತಾಗಿದೆ ಅಂತ ಗಟ್ಟಿಯಾದ ಮೇಲೆ ಎತ್ತಿಸಿ. ಎತ್ತುವಾಗ ಪಕ್ಕದಲ್ಲಿರಿ, ಮೊಬೈಲು ನೋಡುತ್ತಾ ಕೂರಬೇಡಿ. ಪೈಪಿನ ಮೇಲೆ ನೀರಿನ ಮಟ್ಟದ ಕಲೆ ಎಲ್ಲಿಂದ ಶುರುವಾಗಿದೆ ಅಂತ ನೋಡಿ. ನೀರು ಎಷ್ಟು ಅಡಿಗಿತ್ತು ಅಂತ ಅದೇ ಹೇಳುತ್ತದೆ. ಕೇಬಲು ಕೇಸಿಂಗಿಗೆ ಉಜ್ಜಿ ಸಿಪ್ಪೆ ಎದ್ದಿದೆಯಾ, ಜಾಯಿಂಟಿನ ಟೇಪು ಉಬ್ಬಿದೆಯಾ, ಪಂಪಿನ ಜಾಲರಿಯಲ್ಲಿ ಮರಳೋ ಕೆಂಪು ಲೋಳೆಯೋ ಕಟ್ಟಿದೆಯಾ ನೋಡಿ. ಲೋಳೆಯಾದರೆ ನೀರಿನಲ್ಲಿ ಕಬ್ಬಿಣ ಜಾಸ್ತಿ ಅಂತ ಅರ್ಥ. ಅಂಥ ನೀರು ತೆಗೆದಾಗ ತಿಳಿಯಾಗಿದ್ದು, ಬಕೆಟಿನಲ್ಲಿ ಕೆಲವು ಗಂಟೆ ಇಟ್ಟರೆ ಕೆಂಪಾಗುತ್ತದೆ.

ಮೋಟಾರು ರಿಪೇರಿಗೆ ಹೋದ ದಿನಗಳಲ್ಲಿ ಬೋರಿನ ಬಾಯಿ ತೆರೆದು ಬಿಡಬೇಡಿ. ಗೋಣಿಚೀಲ ಹೊದಿಸಿ ಕಲ್ಲಿಡುವುದು ಮುಚ್ಚಿದಂತಲ್ಲ. 2024ರ ಏಪ್ರಿಲ್‌ನಲ್ಲಿ ವಿಜಯಪುರ ಜಿಲ್ಲೆಯ ಇಂಡಿ ತಾಲ್ಲೂಕಿನ ಲಚ್ಯಾಣದಲ್ಲಿ ಪುಟ್ಟ ಮಗುವೊಂದು ಮುಚ್ಚದ ಬೋರಿಗೆ ಬಿದ್ದು, ಸುಮಾರು 20 ಗಂಟೆ ಕಾರ್ಯಾಚರಣೆ ನಡೆಸಿ ಜೀವಂತ ತೆಗೆದರು. ಎಲ್ಲ ಮಕ್ಕಳೂ ಹಾಗೆ ಬದುಕಿ ಬಂದಿಲ್ಲ. ಕಬ್ಬಿಣದ ಕ್ಯಾಪು ಹಾಕಿ ಬೋಲ್ಟು ಬಿಗಿಯಿರಿ.

ಮತ್ತೆ ಇಳಿಸುವಾಗ ನೈಲಾನ್ ಹಗ್ಗ ಹೊಸದಿರಲಿ. ಭಾರ ಕೇಬಲಿನ ಮೇಲೆ ಬೀಳಬಾರದು, ಪೈಪಿಗೆ ಹತ್ತತ್ತು ಅಡಿಗೊಂದು ಕಡೆ ಟೇಪು ಸುತ್ತಿ ಕೇಬಲು ಕಟ್ಟಿ. ಮೊದಲು ಬರುವ ಕೆಸರು ನೀರನ್ನು ಟ್ಯಾಂಕಿಗೆ ಬಿಡದೆ ತಿಳಿಯಾಗುವವರೆಗೆ ತೆಂಗಿನ ಬುಡಕ್ಕೆ ಬಿಡಿ. ಆಮೇಲೆ ವೋಲ್ಟೇಜು, ಆಂಪಿಯರು, ಬಕೆಟ್ ತುಂಬಲು ಹಿಡಿದ ಸೆಕೆಂಡು ನೋಡಿ, ಬೋರ್ಡಿನ ಬಾಗಿಲಿನ ಹಳೆಯ ಅಂಕಿಗಳ ಕೆಳಗೆ ಬರೆಯಿರಿ. ಹಳೆಯದನ್ನು ಅಳಿಸಬೇಡಿ.